ಯಂತ್ರ ನಿಂತದ್ದು ಗೊತ್ತು, ಏಕೆಂದು ಗೊತ್ತಿಲ್ಲ

ಮೈಸೂರಿನ ಹೂಟಗಳ್ಳಿ, ಹೆಬ್ಬಾಳ, ಕೂರ್ಗಳ್ಳಿಯ ಕಡೆ ಬಿಡಿಭಾಗ ತಯಾರಿಸುವ ಹಲವು ಕಾರ್ಖಾನೆಗಳಲ್ಲಿ ಈಗ ಒಳಗೆ ಕಾಲಿಡುತ್ತಿದ್ದಂತೆ ಗೋಡೆಯ ಮೇಲೊಂದು ದೊಡ್ಡ ಪರದೆ ಎದುರಾಗುತ್ತದೆ. ಅದರಲ್ಲಿ ಸಾಲು ಸಾಲಾಗಿ ಚೌಕಗಳಿದ್ದು, ಒಂದೊಂದು ಚೌಕಕ್ಕೆ ಕಂಪ್ಯೂಟರ್ ನಿಯಂತ್ರಣದಲ್ಲಿ ಲೋಹ ಕೊರೆಯುವ ಒಂದೊಂದು ಸಿಎನ್‌ಸಿ ಯಂತ್ರದ ಹೆಸರು. ಯಂತ್ರ ಓಡುತ್ತಿದ್ದರೆ ಹಸಿರು, ನಿಂತಿದ್ದರೆ ಕೆಂಪು. ಮಾಲೀಕರು ಅದನ್ನು ನೆಂಟರಿಗೆ ಹೊಸ ಸೊಸೆಯನ್ನು ತೋರಿಸುವಷ್ಟು ಸಂಭ್ರಮದಿಂದ ತೋರಿಸುತ್ತಾರೆ. ಎರಡು ಮೂರು ತಿಂಗಳು ಕಳೆದ ಮೇಲೆ ಅವರೇ ಫೋನ್ ಮಾಡಿ, “ಸಾರ್, ಲಕ್ಷಗಟ್ಟಲೆ ಸುರಿದಿದ್ದೇನೆ, ಯಂತ್ರ ನಿಲ್ಲೋದು ಮಾತ್ರ ನಿಂತಿಲ್ಲ” ಎನ್ನುತ್ತಾರೆ. ಯಂತ್ರಗಳಿಗೆ ತಂತಿ ಎಳೆದು, ಅವುಗಳನ್ನು ನಡೆಸುವ ಪುಟ್ಟ ಕಂಪ್ಯೂಟರಾದ ಪಿಎಲ್‌ಸಿಗೆ ಪ್ರೋಗ್ರಾಂ ಬರೆದು ಹೊಟ್ಟೆ ಹೊರೆಯುವ ನಾನು ಈ ಮಾತನ್ನು ಎಷ್ಟು ಬಾರಿ ಕೇಳಿದ್ದೇನೆಂದರೆ, ಈಗ ಫೋನ್ ಎತ್ತುವ ಮೊದಲೇ ಉತ್ತರ ನಾಲಿಗೆಯ ತುದಿಗೆ ಬಂದಿರುತ್ತದೆ.

ತಪ್ಪು ತಂತ್ರಜ್ಞಾನದ್ದಲ್ಲ. ಯಂತ್ರಗಳನ್ನು ಹೀಗೆ ಜಾಲಕ್ಕೆ ಜೋಡಿಸುವ ಪದ್ಧತಿಗೆ ‘ಇಂಡಸ್ಟ್ರಿ 4.0’ ಎಂಬ ಹೆಸರು ಜರ್ಮನಿಯ ಹ್ಯಾನೋವರ್ ಮೇಳದಲ್ಲಿ ಮೊದಲು ಕೇಳಿಬಂದದ್ದು 2011ರಲ್ಲಾದರೂ, ಅದರೊಳಗಿನ ಸಾಮಾನುಗಳಲ್ಲಿ ಹಲವು ಅದಕ್ಕಿಂತ ಹಳೆಯವು. ಯಂತ್ರಗಳು ಪರಸ್ಪರ ಮಾತಾಡಲು ನಾವು ಇಂದಿಗೂ ಬಳಸುವ ಮಾಡ್‌ಬಸ್ 1979ರದ್ದು. ಮಾಹಿತಿಯನ್ನು ಸರ್ವರಿಗೆ ಕಳಿಸುವ ಎಂಕ್ಯೂಟಿಟಿ 1999ರಲ್ಲಿ ಹುಟ್ಟಿದ್ದು, ಅದೂ ಉಪಗ್ರಹದ ಮೂಲಕ ತೈಲದ ಕೊಳವೆ ಮಾರ್ಗಗಳ ಮೇಲೆ ನಿಗಾ ಇಡುವುದಕ್ಕಾಗಿ. ಈಚೆಗೆ ಆಗಿರುವ ದೊಡ್ಡ ಬದಲಾವಣೆಯೆಂದರೆ ಇವೆಲ್ಲ ಅಗ್ಗವಾಗಿರುವುದು. ಮೂವತ್ತು ವರ್ಷದ ಹಳೆಯ ಲೇತಿಗೂ ಮೋಟರಿನ ಕೇಬಲ್ಲಿಗೆ ಕರೆಂಟ್ ಅಳೆಯುವ ಉಂಗುರವೊಂದನ್ನು ಸಿಕ್ಕಿಸಿದರೆ, ಅದು ಓಡುತ್ತಿದೆಯೋ ನಿಂತಿದೆಯೋ ಎಂಬುದನ್ನು ಮಾಲೀಕರು ಕುವೆಂಪುನಗರದ ಮನೆಯಲ್ಲಿ ಕುಳಿತು ಮೊಬೈಲಿನಲ್ಲಿ ನೋಡಬಹುದು.

ಆದರೆ ಆ ಉಂಗುರಕ್ಕೆ ತಿಳಿಯುವುದು ಯಂತ್ರ ನಿಂತಿತೆಂಬ ಸಂಗತಿ ಮಾತ್ರ, ನಿಂತ ಕಾರಣವಲ್ಲ. ಇಷ್ಟು ಸರಳವಾದದ್ದನ್ನು ಬಿಡಿಸಿ ಹೇಳಬೇಕಾಗಿ ಬಂದಿರುವುದಕ್ಕೆ ಓದುಗರು ಕ್ಷಮಿಸಬೇಕು. ವಿದ್ಯಾವಂತರಾದ ಮಾಲೀಕರೂ ಎಡವುವುದು ಇಲ್ಲಿಯೇ. ಯಂತ್ರದ ನಿಯಂತ್ರಕಕ್ಕೆ ತನ್ನ ಮೈಯೊಳಗಿನ ನೋವು ಗೊತ್ತು: ಎಣ್ಣೆ ಕಡಿಮೆಯಾದರೆ, ಗಾಳಿಯ ಒತ್ತಡ ಇಳಿದರೆ, ತಿರುಗುವ ದಂಡವಾದ ಸ್ಪಿಂಡಲಿನ ಮೇಲೆ ಹೊರೆ ಹೆಚ್ಚಾದರೆ ಅದು ಅಲಾರಂ ಕೊಡುತ್ತದೆ. ಆದರೆ ಒಂದು ಬಿಡಿಭಾಗ ಮುಗಿದು, ಬಾಗಿಲು ತೆರೆದು, ಮುಂದಿನ ತುಂಡಿಗಾಗಿ ಕಾಯುತ್ತಿರುವ ಯಂತ್ರಕ್ಕೆ ತನ್ನ ಮಟ್ಟಿಗೆ ಎಲ್ಲವೂ ಸರಿಯಾಗಿಯೇ ಇದೆ. ಕಚ್ಚಾ ತುಂಡುಗಳ ತೊಟ್ಟಿ ಖಾಲಿಯಾಗಿರಬಹುದು. ಲೋಹ ಕತ್ತರಿಸುವ ಅಲಗಿನ ತುಣುಕಾದ ಇನ್ಸರ್ಟ್ ತರಲು ಹೋದ ಹುಡುಗ ಸ್ಟೋರ್ ಬಾಗಿಲಲ್ಲಿ ಸಹಿಗಾಗಿ ನಿಂತಿರಬಹುದು. ಮೊದಲ ತುಂಡನ್ನು ನೋಡಿ ಒಪ್ಪಿಗೆ ಕೊಡಬೇಕಾದ ತಪಾಸಕರು ಇನ್ನೊಂದು ಶೆಡ್ಡಿನಲ್ಲಿರಬಹುದು. ಇವು ಯಾವುವೂ ಯಂತ್ರದೊಳಗೆ ನಡೆಯುವ ಘಟನೆಗಳಲ್ಲವಾದ್ದರಿಂದ ಅದಕ್ಕೆ ಎಷ್ಟು ಸೆನ್ಸರ್ ಹಾಕಿದರೂ ಪರದೆಯಲ್ಲಿ ಕಾಣುವುದು ಒಂದೇ ಕೆಂಪು. ನಾನು ಕಂಡ ಸಣ್ಣ ಕಾರ್ಖಾನೆಗಳಲ್ಲಂತೂ ಅಲಾರಂ ಇಲ್ಲದೆ ನಿಲ್ಲುವ ಹೊತ್ತೇ ಹೆಚ್ಚು.

ಲೆಕ್ಕದಲ್ಲೂ ಇದೇ ಎಡವಟ್ಟು. ಜಪಾನಿನ ಸೆಯಿಚಿ ನಕಾಜಿಮಾ ಬಳಕೆಗೆ ತಂದ ಓಇಇ (ಯಂತ್ರದ ಒಟ್ಟಾರೆ ದಕ್ಷತೆ) ಎಂಬ ಅಳತೆಯಲ್ಲಿ ಲಭ್ಯತೆ, ವೇಗ, ಗುಣಮಟ್ಟ ಈ ಮೂರನ್ನು ಗುಣಿಸುತ್ತೇವೆ, ಶೇ. 90, ಶೇ. 95, ಶೇ. 99 ಇದ್ದರೆ ಸುಮಾರು ಶೇ. 85 ಬರುತ್ತದೆ, ಆ 85ನ್ನೇ ಎಲ್ಲರೂ ಪರೀಕ್ಷೆಯ ಅಂಕದಂತೆ ಬೆನ್ನಟ್ಟುತ್ತಾರೆ. 480 ನಿಮಿಷದ ಪಾಳಿಯಲ್ಲಿ ಯಂತ್ರ 360 ನಿಮಿಷ ಓಡಿದರೆ ಲಭ್ಯತೆ ಶೇ. 75. ಉಳಿದ 120 ನಿಮಿಷ ಒಂದೇ ಸಲಕ್ಕೆ ಹೋಯಿತೋ, ಎರಡೆರಡು ನಿಮಿಷದಂತೆ 60 ಸಲ ಹೋಯಿತೋ ಎಂಬುದನ್ನು ಪರದೆ ತೋರಿಸಬಲ್ಲದು, ಅದು ನಿಜವಾಗಿಯೂ ಉಪಯುಕ್ತ. ಆ 60 ಸಲವೂ ಆಪರೇಟರ್ ಎಲ್ಲಿಗೆ ಹೋಗಿದ್ದರು, ಏನು ತರಲು ಹೋಗಿದ್ದರು ಎಂಬುದನ್ನು ಹೇಳಬಲ್ಲವರು ಅವರು ಮಾತ್ರ.

ಮಂಡ್ಯದ ಪರಿಚಯಸ್ಥರೊಬ್ಬರು ತಮ್ಮ ಆಲೆಮನೆಯನ್ನೂ ‘ಸ್ಮಾರ್ಟ್’ ಮಾಡಿಕೊಡಿ ಎಂದು ಒಮ್ಮೆ ಕರೆದೊಯ್ದಿದ್ದರು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು. ಬೆಲ್ಲದ ಪಾಕ ಹದಕ್ಕೆ ಬರುವುದು ಸುಮಾರು 118 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಎಂದು ಓದಿದ್ದ ನಾನು ಶಾಖ ಅಳೆಯುವ ಕಡ್ಡಿಯನ್ನು ಜಂಬದಿಂದಲೇ ಇಳಿಬಿಟ್ಟೆ. ಪಾಕ ಇಳಿಸುವ ಹಿರಿಯರು ತಣ್ಣೀರಿನ ಬಟ್ಟಲಿಗೆ ಒಂದು ತೊಟ್ಟು ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡಿ, “ನಿಮ್ ಕಡ್ಡಿ ಸುಳ್ ಹೇಳ್ತಿಲ್ಲ ಬುದ್ಧಿ, ಆದ್ರೆ ಈ ಕಬ್ಬು ಕಡಿದು ಮೂರು ದಿವ್ಸ ಆಗದೆ, ಅದು ನಿಮ್ ಕಡ್ಡಿಗೆ ಗೊತ್ತಿಲ್ಲ” ಎಂದರು. ಕಡಿದಿಟ್ಟ ಕಬ್ಬಿನಲ್ಲಿ ಸಕ್ಕರೆ ಒಡೆಯುತ್ತಾ ಹೋಗುತ್ತದೆ, ಅಂಥ ಹಾಲಿನ ಬೆಲ್ಲ ಅಚ್ಚಿನಲ್ಲಿ ಸರಿಯಾಗಿ ಗಟ್ಟಿಯಾಗುವುದಿಲ್ಲ. ಕಡ್ಡಿ ಅಲ್ಲಿ ಈಗಲೂ ಇದೆ, ಹಿರಿಯರೂ ಇದ್ದಾರೆ.

ಸೆನ್ಸರಿಗೆ ಕಾರಣ ತಿಳಿಯುವುದೇ ಇಲ್ಲವೆಂದು ನಾನು ಹೇಳುತ್ತಿಲ್ಲ. ತಿರುಗುವ ಯಂತ್ರಗಳ ಬೇರಿಂಗ್ ವಿಷಯ ಬೇರೆ. ನಿಮಿಷಕ್ಕೆ 1500 ಸುತ್ತು ತಿರುಗುವ, 9 ಗುಂಡುಗಳ ಬೇರಿಂಗಿನ ಹೊರ ಉಂಗುರದಲ್ಲಿ ಒಂದು ಕಚ್ಚು ಬಿದ್ದರೆ ಗುಂಡುಗಳು ಅದನ್ನು ಸೆಕೆಂಡಿಗೆ ಸುಮಾರು 90 ಬಾರಿ ದಾಟುತ್ತವೆ. ಆ ತಾಳವೇ ರೋಗದ ಗುರುತು, ಯಂತ್ರ ನಿಲ್ಲುವ ಎಷ್ಟೋ ದಿನ ಮೊದಲೇ ಅದನ್ನು ಹಿಡಿಯಬಹುದು. ಆದರೆ ಅದಕ್ಕೆ ಕಂಪನವನ್ನು ಸೆಕೆಂಡಿಗೆ ನೂರಾರು, ಸಾಧ್ಯವಾದರೆ ಸಾವಿರಾರು ಬಾರಿ ಅಳೆಯಬೇಕು. ನಿಮಿಷಕ್ಕೊಂದು ಅಂಕಿ ಕಳಿಸುವ ಅಗ್ಗದ ಡಬ್ಬಿಯನ್ನು ಅಂಟಿಸಿ ‘ಮುನ್ಸೂಚನೆ’ ಎಂದು ಮಾರುವವರ ಬಗ್ಗೆ ಎಚ್ಚರವಿರಲಿ. ನಂಜನಗೂಡಿನ ಕಡೆಯ ಕೆಲವು ಘಟಕಗಳಂತೆ ದಿನವಿಡೀ ಒಂದೇ ಪ್ರಕ್ರಿಯೆ ನಡೆಯುವ ಕಡೆಗಳಲ್ಲೂ ಶಾಖ, ಒತ್ತಡ, ಹರಿವುಗಳ ಅಂಕಿಗಳಿಂದಲೇ ಬಹಳಷ್ಟು ತಿಳಿಯುತ್ತದೆ. ನನ್ನ ಗೊಣಗಾಟ ಮುಖ್ಯವಾಗಿ ಬಿಡಿಬಿಡಿ ತುಂಡುಗಳನ್ನು ಮಾಡುವ ಕಾರ್ಖಾನೆಗಳ ಕುರಿತದ್ದು.

ಅಲ್ಲಿ ಕಾರಣವನ್ನು ಆಪರೇಟರ್ ಹೇಳಬೇಕು, ಯಂತ್ರದ ಪಕ್ಕದ ಪುಟ್ಟ ಪರದೆಯಲ್ಲಿ ಒಂದು ಬಟನ್ ಒತ್ತಿ. ಬಟನ್‌ಗಳು ಎಂಟನ್ನು ಮೀರದಿದ್ದರೆ ಒಳ್ಳೆಯದು, ಹೆಸರುಗಳು ಕನ್ನಡದಲ್ಲಿರಲಿ, ‘ಇತರೆ’ ಎಂಬುದನ್ನು ಮಾತ್ರ ದಯವಿಟ್ಟು ಇಡಬೇಡಿ. ಇಟ್ಟರೆ ತಿಂಗಳ ಕೊನೆಗೆ ಅದೊಂದೇ ಉಳಿದಿರುತ್ತದೆ. ಇದಕ್ಕಿಂತ ದೊಡ್ಡ ಅಪಾಯ ಬೇರೊಂದಿದೆ. ಒಂದು ಕಾರ್ಖಾನೆಯಲ್ಲಿ ನಾಲ್ಕನೆಯ ಯಂತ್ರಕ್ಕೆ ಒಂದೇ ಪಾಳಿಯಲ್ಲಿ ಆರು ಬಾರಿ ‘ಕರೆಂಟ್ ಹೋಗಿದೆ’ ಎಂದು ದಾಖಲಾಗಿತ್ತು. ಅದೇ ಲೈನಿನ ಮೂರನೆಯ ಮತ್ತು ಐದನೆಯ ಯಂತ್ರಗಳು ಆ ಹೊತ್ತಿನಲ್ಲೆಲ್ಲ ಹಸಿರಾಗಿಯೇ ಇದ್ದವು. ವಿಚಾರಿಸಿದರೆ, ಅದಕ್ಕೆ ಹಿಂದಿನ ವಾರ ‘ಗೇಜ್ ಸಿಗಲಿಲ್ಲ’ (ಗೇಜ್ ಎಂದರೆ ತುಂಡಿನ ಅಳತೆ ಪರೀಕ್ಷಿಸುವ ಸಾಧನ) ಎಂದು ಪ್ರಾಮಾಣಿಕವಾಗಿ ಒತ್ತಿದವರನ್ನು ಮೇಲ್ವಿಚಾರಕರು ಎಲ್ಲರೆದುರು ಗದರಿಸಿದ್ದರು. ಕರೆಂಟಿಗೆ ಬೈಯುವವರು ಯಾರೂ ಇರಲಿಲ್ಲ. ಆಪರೇಟರ್ ಒಬ್ಬರು ನನ್ನ ಬಳಿ ಮೆಲ್ಲಗೆ ಹೇಳಿದರು: “ಸಾರ್, ನಾನು ನಿಂತಿದ್ದು ನಿಮ್ಮ ಟಿ.ವಿ.ಯಲ್ಲಿ ಕಾಣುತ್ತೆ. ಗೇಜ್ ಹುಡುಕಿಕೊಂಡು ಮೂರು ಶೆಡ್ ಓಡಾಡಿದ್ದು ಕಾಣಲ್ಲ.”

ಆದ್ದರಿಂದ ಈಗ ನಾನು ಕೊಟೇಷನ್ ಕೊಡುವ ಮೊದಲು ಒಂದು ಷರತ್ತು ಹಾಕುತ್ತೇನೆ. ನಾಲ್ಕು ವಾರ, ಎರಡೇ ಯಂತ್ರಗಳ ಪಕ್ಕ ಒಂದೊಂದು ನೋಟ್‌ಬುಕ್ ಕಟ್ಟಿಡಿ. ನಿಂತ ಹೊತ್ತು, ಹೊರಟ ಹೊತ್ತು, ಕಾರಣ, ಇಷ್ಟನ್ನು ಆಪರೇಟರ್ ಬರೆಯಲಿ, ಅದಕ್ಕಾಗಿ ಯಾರನ್ನೂ ಗದರಿಸಬೇಡಿ. ಎಲ್ಲ ಕಡೆಯೂ ಇದು ಒಗ್ಗುತ್ತದೆಂದು ಹೇಳಲಾರೆ, ಮೊದಲ ವಾರದ ಬರಹ ಸಾಮಾನ್ಯವಾಗಿ ಉಪಯೋಗಕ್ಕೆ ಬಾರದು. ಮೂರನೆಯ ವಾರದ ಹೊತ್ತಿಗೆ ಯಾವ ಬಟನ್‌ಗಳು ಬೇಕು, ಯಾವ ಸೆನ್ಸರ್ ಬೇಕಿಲ್ಲ ಎಂಬುದು ಬಹುಪಾಲು ತಿಳಿದಿರುತ್ತದೆ. ಷರತ್ತು ಕೇಳಿ ಬೇರೆಯವರ ಬಳಿಗೆ ಹೋದ ಮಾಲೀಕರೂ ಇದ್ದಾರೆ.

ನಾಲ್ಕನೆಯ ಯಂತ್ರದ ಕಾರ್ಖಾನೆಯಲ್ಲಿ ನೋಟ್‌ಬುಕ್ ಇಟ್ಟ ಮೇಲೆ ಹೊರಬಂದದ್ದು ಇಷ್ಟೆ: ಮೂರು ಶೆಡ್ಡುಗಳಿಗೂ ಸೇರಿ ಇದ್ದದ್ದು ರಂಧ್ರದ ಅಳತೆ ನೋಡುವ ಒಂದೇ ಪ್ಲಗ್ ಗೇಜ್. ಆ ಗೇಜಿಗೂ ಒಂದು ಸೆನ್ಸರ್ ಹಾಕಿ ಅದು ಎಲ್ಲಿದೆಯೆಂದು ಪರದೆಯಲ್ಲಿ ತೋರಿಸಬಹುದೇ ಎಂದು ಮಾಲೀಕರು ಉತ್ಸಾಹದಿಂದ ಕೇಳಿದರು. ಇನ್ನೆರಡು ಗೇಜ್ ಕೊಂಡುಕೊಳ್ಳಿ ಎಂದು ಹೇಳಿ ಬಂದಿದ್ದೇನೆ.