ಕ್ಲೇಮ್: ಹೊಸ ಯಂತ್ರಕ್ಕೂ ಒಂದು ಚಕ್ಕುಬಂದಿ

ಕ್ಲೇಮ್ ಅಂದ ಕೂಡಲೇ ನಮಗೆ ನೆನಪಾಗುವುದು ಇನ್ಶೂರೆನ್ಸ್. ಕಾರಿಗೆ ಯಾರೋ ಗುದ್ದಿದರು, ಆಸ್ಪತ್ರೆಯ ಬಿಲ್ ಬಂತು, ಕ್ಲೇಮ್ ಹಾಕಿದೆವು. ಪೇಟೆಂಟ್ ವಿಷಯದಲ್ಲಿ ಇದೇ ಪದದ ಅರ್ಥ ಬೇರೆ. ಅಲ್ಲಿ ಕ್ಲೇಮ್ ಎಂದರೆ ದುಡ್ಡು ಕೇಳುವ ಅರ್ಜಿಯಲ್ಲ, ಗಡಿ ಹೇಳುವ ವಾಕ್ಯ. ನಾನು ಹೊಸದಾಗಿ ಮಾಡಿದ್ದು ಇಲ್ಲಿಂದ ಇಲ್ಲಿಯವರೆಗೆ, ಇದರೊಳಗೆ ನನ್ನನ್ನು ಕೇಳದೆ ಯಾರೂ ಕಾಲಿಡಬೇಡಿ ಎಂದು ಹೇಳುವ ವಾಕ್ಯ.

ಜಮೀನಿನ ಕ್ರಯಪತ್ರ ಓದಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕ್ರಯಪತ್ರದ ಮೊದಲ ಪುಟಗಳಲ್ಲಿ ಕಥೆ ಇರುತ್ತದೆ. ಜಮೀನು ಯಾರಿಂದ ಯಾರಿಗೆ ಬಂತು, ಈಗ ಯಾಕೆ ಮಾರುತ್ತಿದ್ದಾರೆ, ಎಷ್ಟು ಹಣ ಕೈ ಸೇರಿತು. ಕೊನೆಗೆ ಷೆಡ್ಯೂಲ್, ಅದರಲ್ಲಿ ಚಕ್ಕುಬಂದಿ. ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಇಂಥವರ ಹೊಲ, ಉತ್ತರಕ್ಕೆ ಬಂಡಿದಾರಿ, ದಕ್ಷಿಣಕ್ಕೆ ಸರ್ಕಾರಿ ರಸ್ತೆ. ತಕರಾರು ಬಂದಾಗ ವಕೀಲರು ಮೊದಲು ತಿರುಗಿಸುವ ಪುಟ ಅದೇ ಅಲ್ವಾ? ಪೇಟೆಂಟಿನಲ್ಲೂ ಹಾಗೆಯೇ. ಹಿನ್ನೆಲೆ, ಚಿತ್ರ, ವಿವರಣೆ ಎಲ್ಲ ಮುಗಿದ ಮೇಲೆ 1, 2, 3 ಎಂದು ನಂಬರ್ ಹಾಕಿದ ವಾಕ್ಯಗಳು ಬರುತ್ತವೆ. ಅವೇ ಕ್ಲೇಮುಗಳು. ಒಂದು ಕ್ಲೇಮ್ ಎಷ್ಟೇ ಉದ್ದವಿರಲಿ, ಒಂದೇ ವಾಕ್ಯದಲ್ಲಿ ಮುಗಿಯಬೇಕು. ಅರ್ಧ ಪುಟ ಓದಿದ ಮೇಲೆ ಪೂರ್ಣವಿರಾಮ ಸಿಕ್ಕರೆ ಆಶ್ಚರ್ಯಪಡಬೇಡಿ.

ನಮ್ಮ ದೇಶದ ಪೇಟೆಂಟ್ ಕಚೇರಿ ಪ್ರತಿ ಶುಕ್ರವಾರ ಒಂದು ಜರ್ನಲ್ ಹೊರಡಿಸುತ್ತದೆ. ಅದನ್ನು ತಿರುವಿ ಹಾಕುವುದೇ ಒಂದು ಮಜಾ. ಮಂಡಿಯ ಕಾರ್ಟಿಲೇಜ್ ರಿಪೇರಿ ಮಾಡುವ ವಸ್ತು ಒಂದು ಕಡೆ, ತೈಲಬಾವಿಯ ಪೈಪ್ ಎತ್ತಿಡುವ ಯಂತ್ರ ಇನ್ನೊಂದು ಕಡೆ. ಗೊಂದಲ ಆಗಬಾರದೆಂದು ಪ್ರತಿಯೊಂದಕ್ಕೂ ಅಂತರರಾಷ್ಟ್ರೀಯ ವಿಂಗಡಣೆಯ ಗುರುತು ಇರುತ್ತದೆ. ದೇಹದೊಳಗೆ ಕೂರಿಸುವ ಕೃತಕ ಭಾಗಗಳಿಗೆ 'ಎ 61 ಎಫ್ 2'. ಕೊರೆದ ಬಾವಿಯ ಹೊರಗೆ ಪೈಪು, ರಾಡುಗಳನ್ನು ಸಾಗಿಸಿ ನಿಲ್ಲಿಸುವ ಕೆಲಸಕ್ಕೆ 'ಇ 21 ಬಿ 19'. ಒಂದು ಮಂಡಿಯೊಳಗಿನ ಮಾತು, ಇನ್ನೊಂದು ಭೂಮಿಯೊಳಗಿನ ಮಾತು. ಎರಡಕ್ಕೂ ಬೇಲಿ ಹಾಕುವ ಕ್ರಮ ಮಾತ್ರ ಒಂದೇ.

ಮೊದಲು ಪೈಪಿನ ವಿಷಯ. ಬೋರ್‌ವೆಲ್ ಗಾಡಿ ಹೊಲಕ್ಕೆ ಬಂದಾಗ ನೋಡಿರುತ್ತೀರಿ. ಒಂದು ರಾಡ್ ಒಳಗೆ ಇಳಿದ ಮೇಲೆ ಇನ್ನೊಂದನ್ನು ಅದರ ತಲೆಗೆ ತಿರುಗಿಸಿ ಜೋಡಿಸುತ್ತಾರೆ. ತೈಲಬಾವಿಯಲ್ಲೂ ಕೆಲಸ ಇದೇ, ಗಾತ್ರ ಬೇರೆ. ಒಂದೊಂದು ಪೈಪ್ ಸುಮಾರು 9 ಮೀಟರ್ ಉದ್ದ. ಸಾಮಾನ್ಯವಾಗಿ ಬಳಸುವ 5 ಇಂಚಿನ ಪೈಪಾದರೆ ಒಂದರ ತೂಕವೇ ಕಾಲು ಟನ್ ದಾಟುತ್ತದೆ. 3 ಕಿಲೋಮೀಟರ್ ಆಳದ ಬಾವಿಯಲ್ಲಿ ಇಂಥವು 300ಕ್ಕೂ ಜಾಸ್ತಿ. ತುದಿಯಲ್ಲಿ ಬಂಡೆ ಕೊರೆಯುವ ಬಿಟ್ ಸವೆಯಿತು ಅಂದರೆ ಅಷ್ಟನ್ನೂ ಮೇಲೆತ್ತಿ, ಬಿಚ್ಚಿ, ನಿಲ್ಲಿಸಿ, ಹೊಸ ಬಿಟ್ ಹಾಕಿ, ಮತ್ತೆ ಜೋಡಿಸುತ್ತಾ ಇಳಿಸಬೇಕು. ಇದಕ್ಕೆ 'ಟ್ರಿಪ್' ಎನ್ನುತ್ತಾರೆ. ಮೂರು ಪೈಪುಗಳನ್ನು ಬಿಚ್ಚದೆ ಒಟ್ಟಿಗೇ ನಿಲ್ಲಿಸಿ ಸ್ವಲ್ಪ ಸಮಯ ಉಳಿಸುತ್ತಾರೆ, ಆದರೂ ನೂರಕ್ಕೂ ಹೆಚ್ಚು ಸಲ ಬಿಚ್ಚಬೇಕು, ನೂರಕ್ಕೂ ಹೆಚ್ಚು ಸಲ ಕಟ್ಟಬೇಕು.

ಹಿಂದೆ ಅಮೆರಿಕದ ರಿಗ್ಗುಗಳಲ್ಲಿ ಇದಕ್ಕೆ ಸರಪಳಿ ಬಳಸುತ್ತಿದ್ದರು. ಕೆಲಸಗಾರ ಸರಪಳಿಯನ್ನು ಪೈಪಿಗೆ ಸುತ್ತಿಕೊಳ್ಳುವ ಹಾಗೆ ಬೀಸಿ ಎಸೆಯುತ್ತಿದ್ದ. ಯಂತ್ರ ಸರಪಳಿಯನ್ನು ಎಳೆದಾಗ ಪೈಪ್ ಬುಗುರಿಯ ಹಾಗೆ ತಿರುಗಿ ತಿರುಪಿನ ಮರೆಯೊಳಗೆ ಕೂರುತ್ತಿತ್ತು. ಕಣ್ಣು ಮಿಟುಕಿಸಿದರೆ ಬೆರಳು ಹೋಗುತ್ತಿತ್ತು. ಅಲ್ಲಿ ರಿಗ್ ಕೂಲಿಯನ್ನು 'ರಫ್‌ನೆಕ್' ಎನ್ನುವುದು ವಾಡಿಕೆ. 1970ರ ದಶಕದಲ್ಲಿ ಈ ಕೆಲಸ ಮಾಡುವ ಯಂತ್ರ ಬಂದಾಗ ಅದಕ್ಕೆ ಇಟ್ಟ ಹೆಸರೇ 'ಐರನ್ ರಫ್‌ನೆಕ್', ಕಬ್ಬಿಣದ ರಫ್‌ನೆಕ್. ಕೆಳಗಿನ ದವಡೆ ಒಂದು ಪೈಪನ್ನು ಅಲುಗಾಡದಂತೆ ಹಿಡಿಯುತ್ತದೆ, ಮೇಲಿನ ರೋಲರುಗಳು ಇನ್ನೊಂದನ್ನು ತಿರುಗಿಸುತ್ತವೆ, ಕೊನೆಗೆ ಇಕ್ಕಳದಂಥ ಭಾಗ ಬಲವಾಗಿ ಬಿಗಿಯುತ್ತದೆ.

ಇಂಥ ಯಂತ್ರವೊಂದನ್ನು ನೀವೇ ಮಾಡಿದಿರಿ ಅಂದುಕೊಳ್ಳಿ. ಕ್ಲೇಮ್ ಬರೆಯಬೇಕು. ಸುಮ್ನೆ ಉದಾಹರಣೆಗೆ ನಾನೊಂದು ಬರೆಯುತ್ತೇನೆ:

"1. ಕೊರೆಯುವ ಪೈಪನ್ನು ಹಿಡಿಯುವ ಸಾಧನ, ಒಂದು ಚೌಕಟ್ಟನ್ನೂ, ಸದರಿ ಚೌಕಟ್ಟಿಗೆ ಕೀಲಿನಿಂದ ಸೇರಿಸಿದ ಎರಡು ದವಡೆಗಳನ್ನೂ, ಸದರಿ ದವಡೆಗಳನ್ನು ಮುಚ್ಚುವ ಒಂದು ಹೈಡ್ರಾಲಿಕ್ ಸಿಲಿಂಡರನ್ನೂ ಒಳಗೊಂಡಿರುವಂಥದು."

'ಸದರಿ' ನೋಡಿ ನಗು ಬಂತಾ? ಇಂಗ್ಲಿಷ್ ಕ್ಲೇಮುಗಳಲ್ಲೂ ಇದಕ್ಕೆ ಸರಿಯಾಗಿ ಒಂದು ಪದವಿದೆ, ಸಾಲಿಗೆರಡು ಸಲ ಬರುತ್ತದೆ. ಮೊದಲು ಹೇಳಿದ ದವಡೆಯೇ ಹೊರತು ಬೇರೆ ದವಡೆಯಲ್ಲ ಎಂದು ಗಟ್ಟಿ ಮಾಡಲು ಅದು ಬೇಕು. ನಮ್ಮ ಪತ್ರಬರಹಗಾರರು ಕ್ರಯಪತ್ರದಲ್ಲಿ 'ಸದರಿ ಸ್ವತ್ತು' ಅಂತ ಬರೆಯುವುದೂ ಅದೇ ಕಾರಣಕ್ಕೆ.

ಈಗ ಪಕ್ಕದ ಕಂಪನಿಯವರು ನಿಮ್ಮದೇ ಯಂತ್ರ ಮಾಡಿ, ದವಡೆ ಮುಚ್ಚಲು ಹೈಡ್ರಾಲಿಕ್ ಸಿಲಿಂಡರ್ ಬದಲು ಎಲೆಕ್ಟ್ರಿಕ್ ಮೋಟಾರ್ ಹಾಕಿದರು. ನಿಮ್ಮ ಬೇಲಿಯೊಳಗೆ ಬಂದರಾ? ಅಕ್ಷರಶಃ ನೋಡಿದರೆ ಇಲ್ಲ. ಕ್ಲೇಮಿನಲ್ಲಿ ಹೇಳಿದ ಪ್ರತಿಯೊಂದು ಅಂಶವೂ ಅವರ ಯಂತ್ರದಲ್ಲಿ ಇದ್ದರೆ ಮಾತ್ರ ಅತಿಕ್ರಮಣ. ಒಂದು ತಪ್ಪಿದರೂ ಅವರು ಹೊರಗೆ. ಚಕ್ಕುಬಂದಿಯ ಹೋಲಿಕೆ ಇಲ್ಲಿ ಸ್ವಲ್ಪ ತಿರುಗುಮುರುಗಾಗುತ್ತದೆ. ಜಮೀನಿನ ವಿವರ ಜಾಸ್ತಿ ಬರೆದರೆ ಜಮೀನು ಕಿರಿದಾಗುವುದಿಲ್ಲ. ಕ್ಲೇಮಿನಲ್ಲಿ ಆಗುತ್ತದೆ. ಮಾತು ಹೆಚ್ಚಿದಷ್ಟೂ ಜಾಗ ಕಡಿಮೆ. ಮೂರು ಪುಟದ ಕ್ಲೇಮ್ ನೋಡಿ ದೊಡ್ಡ ಆವಿಷ್ಕಾರ ಅಂದುಕೊಳ್ಳುವವರು ಬಹಳ. ಅದು ಮೂವತ್ತು ನಲವತ್ತರ ಸೈಟು. ಎರಡು ಸಾಲಿನ ಕ್ಲೇಮಿಗೆ ಹೆದರಬೇಕು.

ಹಾಗಾದರೆ ಹೈಡ್ರಾಲಿಕ್ ಪದ ತೆಗೆದು 'ದವಡೆಗಳನ್ನು ಮುಚ್ಚುವ ಒಂದು ಸಾಧನ' ಅಂತ ಬರೆದರೆ ಆಯ್ತಲ್ಲ? ಬರೆಯಬಹುದು. ಆಗ ಪೇಟೆಂಟ್ ಕಚೇರಿಯ ಪರೀಕ್ಷಕರು ಹಳೆಯ ದಾಖಲೆಗಳನ್ನು ತೆಗೆದು, ಇಷ್ಟೇ ಆದರೆ ಕಬ್ಬಿಣದ ರಫ್‌ನೆಕ್‌ನಲ್ಲೇ ಇತ್ತಲ್ಲ, ಹೊಸದೇನು ಎಂದು ಕೇಳುತ್ತಾರೆ. ಬೇಲಿಯನ್ನು ದೂರ ಹಾಕಿದರೆ ಬೇರೆಯವರ ಹೊಲ ತಾಗುತ್ತದೆ. ಹತ್ತಿರ ಹಾಕಿದರೆ ನಿಮ್ಮ ಬೆಳೆಯೇ ಹೊರಗುಳಿಯುತ್ತದೆ. ಕೊನೆಗೆ 'ಪೈಪಿನ ಮೇಲಿನ ಒತ್ತಡ ಅಳೆದು ದವಡೆಯ ಬಿಗಿತ ತಾನೇ ಹೊಂದಿಸುವ' ಅಂತ ನಿಜವಾಗಿ ಹೊಸದಾದ ಒಂದು ಅಂಶ ಸೇರಿಸಿ ರಾಜಿ ಆಗುತ್ತದೆ. ಪೇಟೆಂಟ್ ಏಜೆಂಟರ ಸಂಬಳವೆಲ್ಲ ಈ ಜಗ್ಗಾಟಕ್ಕೇ.

ಅದಕ್ಕೇ ಕ್ಲೇಮ್ ಒಂದೇ ಇರುವುದಿಲ್ಲ. 1ನೆಯದು ಅಗಲ. 2ನೆಯದು 'ಕ್ಲೇಮ್ 1ರಲ್ಲಿ ಹೇಳಿದ ಸಾಧನ, ಆದರೆ ದವಡೆಗೆ ಬದಲಿಸಬಹುದಾದ ಹಲ್ಲುಗಳಿರುವಂಥದು' ಎಂದು ಒಳಗೊಂದು ಬೇಲಿ. ಹೊರಗಿನದು ಕೋರ್ಟಿನಲ್ಲಿ ಬಿದ್ದರೂ ಒಳಗಿನದು ಉಳಿಯಲಿ ಅಂತ. ಭಾರತದಲ್ಲಿ 10 ಕ್ಲೇಮುಗಳವರೆಗೆ ಮೂಲ ಶುಲ್ಕವೇ ಸಾಕು, 11ನೆಯದರಿಂದ ಒಂದೊಂದಕ್ಕೂ ಬೇರೆ ಕಟ್ಟಬೇಕು. ಹಾಗಾಗಿ ನಮ್ಮಲ್ಲಿ 10ಕ್ಕೇ ನಿಲ್ಲಿಸಿದ ಅರ್ಜಿಗಳು ಸಿಕ್ಕರೆ ಕಾರಣ ತತ್ವವಲ್ಲ, ಜೇಬು.

ಇಷ್ಟೆಲ್ಲ ಪದಗಳ ಮೇಲೆ ಯಾರಾದರೂ ಜಗಳ ಆಡುತ್ತಾರಾ? ಆಡಿದ್ದಾರೆ, ಅದೂ ತೈಲ ಕೊರೆಯುವವರೇ. ಹ್ಯೂಸ್ ಟೂಲ್ ಮತ್ತು ಸ್ಮಿತ್ ಇಂಟರ್‌ನ್ಯಾಷನಲ್ ಎರಡೂ ಬಂಡೆ ಕೊರೆಯುವ ಬಿಟ್ ಮಾಡುತ್ತಿದ್ದ ಅಮೆರಿಕದ ಕಂಪನಿಗಳು. ಬಿಟ್ಟಿನಲ್ಲಿ ಹಲ್ಲಿರುವ ಕೋನುಗಳು ತಿರುಗುತ್ತವೆ. ಕೋನಿಗೂ ಅದು ತಿರುಗುವ ದಂಡಕ್ಕೂ ನಡುವೆ ಒಂದು ರಬ್ಬರ್ ಬಳೆ ಇರುತ್ತದೆ. ನಮ್ಮ ಕಡೆ ಮೆಕ್ಯಾನಿಕ್‌ಗಳು 'ಓ ರಿಂಗ್' ಅನ್ನುವುದು ಇದಕ್ಕೇ. ಒಳಗಿನ ಗ್ರೀಸ್ ಹೊರಗೆ ಹೋಗಬಾರದು, ಹೊರಗಿನ ಕೆಸರು ಒಳಗೆ ಬರಬಾರದು. ಬಿಟ್ ಹಳೆಯದು, ಓ ರಿಂಗೂ ಹಳೆಯದು. ಹ್ಯೂಸ್‌ನವರ ಕ್ಲೇಮಿನಲ್ಲಿ ಇದ್ದ ಮುಖ್ಯ ಅಂಶ, ಆ ಬಳೆಯನ್ನು ಅದರ ದಪ್ಪದ ಕನಿಷ್ಠ ಶೇ 10ರಷ್ಟು ಅದುಮಿ ಕೂರಿಸಿರಬೇಕು ಎಂಬುದು. ಅಷ್ಟೇ. ಸ್ಮಿತ್‌ನವರ ಬಿಟ್ ಈ ಬೇಲಿಯೊಳಗೆ ಕಾಲಿಟ್ಟಿದೆ ಎಂಬುದು ಹ್ಯೂಸ್‌ನವರ ತಕರಾರು. ಕೆಳಗಿನ ಕೋರ್ಟು ಈ ಪೇಟೆಂಟ್ ಊರ್ಜಿತವಲ್ಲ ಅಂದಿತು. 1983ರಲ್ಲಿ ಮೇಲ್ಮನವಿ ಕೋರ್ಟು ಆ ತೀರ್ಪನ್ನು ಮಗುಚಿ ಹಾಕಿತು. 1986ರಲ್ಲಿ ಪರಿಹಾರದ ಲೆಕ್ಕ ಬಂದಾಗ ಅದು 20 ಕೋಟಿ ಡಾಲರ್ ದಾಟಿತ್ತು. ಸ್ಮಿತ್ ಕಂಪನಿ ಅದೇ ವರ್ಷ ದಿವಾಳಿ ಕಾನೂನಿನ ಆಸರೆ ಕೋರಿತು. ಒಂದು ರಬ್ಬರ್ ಬಳೆ, ಒಂದು ಶೇಕಡಾವಾರು.

ಇನ್ನು ಮಂಡಿಗೆ ಬರೋಣ. ಮೂಳೆಗಳ ತುದಿಗೆ 2ರಿಂದ 4 ಮಿಲಿಮೀಟರ್ ದಪ್ಪದ ನುಣುಪಾದ ಕಾರ್ಟಿಲೇಜ್ ಪದರ ಇರುತ್ತದೆ. ಪಠ್ಯಪುಸ್ತಕದಲ್ಲಿ ಇದು ಮೃದ್ವಸ್ಥಿ. ಅದಕ್ಕೆ ರಕ್ತನಾಳವಿಲ್ಲ, ನರವಿಲ್ಲ. ಚರ್ಮ ಕಿತ್ತರೆ ರಕ್ತ ಬಂದು, ಹೆಕ್ಕಳೆ ಕಟ್ಟಿ, ವಾಸಿಯಾಗುತ್ತದೆ. ಇದಕ್ಕೆ ಆ ಭಾಗ್ಯ ಇಲ್ಲ. ಆಟವಾಡುವಾಗ ಒಂದು ಚೂರು ಕಿತ್ತು ಬಂದರೆ ಆ ಗುಂಡಿ ತಾನಾಗಿ ಸರಿಯಾಗಿ ತುಂಬುವುದಿಲ್ಲ. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಲಾರ್ಸ್ ಪೀಟರ್ಸನ್, ಮ್ಯಾಟ್ಸ್ ಬ್ರಿಟ್‌ಬರ್ಗ್ ಮತ್ತು ಜೊತೆಯವರು ಒಂದು ದಾರಿ ಹುಡುಕಿದರು. ರೋಗಿಯದೇ ಮಂಡಿಯಲ್ಲಿ ಜಾಸ್ತಿ ಭಾರ ಬೀಳದ ಜಾಗದಿಂದ ಒಂದಿಷ್ಟು ಕಾರ್ಟಿಲೇಜ್ ತೆಗೆದು, ಅದರ ಜೀವಕೋಶಗಳನ್ನು ಲ್ಯಾಬಿನಲ್ಲಿ ಬೆಳೆಸಿ, ಗುಂಡಿಗೆ ಮರಳಿ ತುಂಬುವುದು. 23 ರೋಗಿಗಳ ಫಲಿತಾಂಶವನ್ನು 1994ರಲ್ಲಿ ಪ್ರಕಟಿಸಿದರು. ಈ ಜಾಡಿನಲ್ಲೇ ಬಂದ, ಜೀವಕೋಶಗಳನ್ನು ಹಂದಿಯ ಕೊಲಾಜೆನ್ ಎಂಬ ಪ್ರೋಟೀನಿನ ಪೊರೆಯ ಮೇಲೆ ಬೆಳೆಸುವ 'ಮ್ಯಾಸಿ'ಗೆ 2016ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು.

ಇಂಥದ್ದಕ್ಕೆ ಕ್ಲೇಮ್ ಬರೆಯುವಾಗ ಪದಗಳ ಆಟ ಇನ್ನೂ ನವಿರು. 'ಕೊಲಾಜೆನ್ ಒಳಗೊಂಡ ಪೊರೆ' ಎಂದರೆ ಕೊಲಾಜೆನ್ ಜೊತೆ ಬೇರೆ ಏನಿದ್ದರೂ ಬೇಲಿಯೊಳಗೆ. 'ಕೊಲಾಜೆನ್‌ನಿಂದ ಮಾತ್ರ ಆದ ಪೊರೆ' ಎಂದು ಬರೆದಿರೋ, ಎದುರಾಳಿ ಬೇರೊಂದು ವಸ್ತುವನ್ನು ಅದಕ್ಕೆ ಬೆರೆಸಿ ನಗುತ್ತಾ ಹೊರಗೆ ನಡೆಯುತ್ತಾನೆ.

ಆದರೆ ಮಂಡಿಗೂ ಪೈಪಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಪೈಪನ್ನು ಎತ್ತಿಡುವ ವಿಧಾನಕ್ಕೂ ಕ್ಲೇಮ್ ಹಾಕಬಹುದು. ಮಂಡಿಗೆ ಚಿಕಿತ್ಸೆ ಮಾಡುವ ವಿಧಾನಕ್ಕೆ ಭಾರತದಲ್ಲಿ ಹಾಕುವಂತಿಲ್ಲ. 1970ರ ಪೇಟೆಂಟ್ ಕಾಯ್ದೆಯ ಕಲಂ 3(ಐ) ಪ್ರಕಾರ ಮನುಷ್ಯರಿಗೆ ಮಾಡುವ ಚಿಕಿತ್ಸೆ, ಶಸ್ತ್ರಕ್ರಿಯೆ, ರೋಗಪತ್ತೆಯ ವಿಧಾನಗಳು ಪೇಟೆಂಟಿಗೆ ಅರ್ಹವಲ್ಲ. ಗುಂಡಿಗೆ ಕೂರಿಸುವ ವಸ್ತು, ಅದನ್ನು ಕತ್ತರಿಸುವ ಉಪಕರಣ, ಕಾರ್ಖಾನೆಯಲ್ಲಿ ಅದನ್ನು ತಯಾರಿಸುವ ರೀತಿ, ಇವುಗಳಿಗೆ ದಾರಿ ಇದೆ. ಅಮೆರಿಕದಲ್ಲಿ 'ಕಾರ್ಟಿಲೇಜ್ ರಿಪೇರಿ ಮಾಡುವ ವಿಧಾನ' ಎಂದು ಶುರುವಾದ ಕ್ಲೇಮ್ ಇಲ್ಲಿಗೆ ಬರುವಾಗ 'ಕಾರ್ಟಿಲೇಜ್ ರಿಪೇರಿಗೆ ತಕ್ಕ ಇಂಪ್ಲಾಂಟ್' ಎಂದು ವೇಷ ಬದಲಿಸುವುದು ಇದಕ್ಕೇ. ನನಗೆ ಕೇಳಿದರೆ ನಮ್ಮ ಕಾನೂನು ಸರಿಯಾಗಿಯೇ ಇದೆ. ಆಪರೇಷನ್ ಟೇಬಲ್ ಮುಂದೆ ನಿಂತ ಡಾಕ್ಟರು ಯಾರ ಬೇಲಿ ಎಲ್ಲಿದೆ ಎಂದು ಯೋಚಿಸುವಂತಾಗಬಾರದು.

ಅಮೆರಿಕದವರಿಗೂ ಇದರ ಬಿಸಿ ತಟ್ಟಿತ್ತು. ಸ್ಯಾಮ್ಯುಯೆಲ್ ಪಾಲಿನ್ ಎಂಬ ಕಣ್ಣಿನ ವೈದ್ಯರು ಪೊರೆ ತೆಗೆಯುವಾಗ ಹೊಲಿಗೆ ಬೇಡದ ಹಾಗೆ ಕೊಯ್ಯುವ ರೀತಿಗೆ ಪೇಟೆಂಟ್ ಪಡೆದು, ಜ್ಯಾಕ್ ಸಿಂಗರ್ ಎಂಬ ಇನ್ನೊಬ್ಬ ವೈದ್ಯರ ಮೇಲೆ ಕೇಸು ಹಾಕಿದರು. ವೈದ್ಯರೆಲ್ಲ ಗಲಾಟೆ ಎಬ್ಬಿಸಿದರು. 1996ರಲ್ಲಿ ಅಲ್ಲಿನ ಸಂಸತ್ತು ಕಾನೂನು ಬದಲಿಸಿತು. ಶಸ್ತ್ರಕ್ರಿಯೆಯ ವಿಧಾನಕ್ಕೆ ಪೇಟೆಂಟ್ ಸಿಗಬಹುದು, ಆದರೆ ಅದನ್ನು ಮಾಡಿದ ಡಾಕ್ಟರ ಮೇಲೆ ಪರಿಹಾರಕ್ಕೆ ದಾವೆ ಹೂಡುವಂತಿಲ್ಲ.

ಮಂಡಿನೋವಿನ ಎಣ್ಣೆಯ ಜಾಹೀರಾತಿನಲ್ಲಿ 'ಪೇಟೆಂಟೆಡ್ ಫಾರ್ಮುಲಾ' ಅಂತ ದಪ್ಪಕ್ಷರದಲ್ಲಿ ಹಾಕಿರುತ್ತಾರಲ್ಲ, ಅದರ ಬೆಲೆ ಎಷ್ಟು? ಪೇಟೆಂಟ್ ಪರೀಕ್ಷಕರು ನೋಡುವುದು ಇದು ಹೊಸದಾ, ಬಲ್ಲವರಿಗೆ ತಾನಾಗಿ ಹೊಳೆಯದಂಥದಾ, ತಯಾರಿಸಿ ಬಳಸಬಹುದಾ ಎಂದು. ನಿಮ್ಮ ನೋವು ಹೋಗುತ್ತದಾ ಎಂದು ರೋಗಿಗಳ ಮೇಲೆ ಪರೀಕ್ಷಿಸುವುದು ಅವರ ಕೆಲಸವಲ್ಲ. ಅದು ಔಷಧ ನಿಯಂತ್ರಕರದು. ಜೊತೆಗೆ ಪೇಟೆಂಟ್ ಎಂದರೆ ವಸ್ತುವನ್ನು ಮಾಡುವ ಹಕ್ಕೂ ಅಲ್ಲ, ಬೇರೆಯವರನ್ನು ತಡೆಯುವ ಹಕ್ಕು. ಒಬ್ಬರ ಬೇಲಿಯೊಳಗೆ ನೀವು ಹೊಸ ಸುಧಾರಣೆ ಮಾಡಿ ಪೇಟೆಂಟ್ ಪಡೆದರೂ, ಹೊರಗಿನ ಬೇಲಿಯವರ ಒಪ್ಪಿಗೆ ಇಲ್ಲದೆ ಅದನ್ನು ಮಾರಲಾಗದು.

ಈ ಜಮೀನು ಶಾಶ್ವತವೂ ಅಲ್ಲ. ಭಾರತದಲ್ಲಿ ಅರ್ಜಿ ಹಾಕಿದ ದಿನದಿಂದ 20 ವರ್ಷ, ಅದೂ ಕಂದಾಯದ ಹಾಗೆ ಕಾಲಕಾಲಕ್ಕೆ ನವೀಕರಣ ಶುಲ್ಕ ಕಟ್ಟುತ್ತಿದ್ದರೆ. ಅವಧಿ ಮುಗಿದ ಮೇಲೆ ಅದು ಊರಿನ ಗೋಮಾಳ, ಯಾರ ದನ ಬೇಕಾದರೂ ಮೇಯಬಹುದು. ಹ್ಯೂಸ್‌ನವರ ಬೇಲಿಯೂ ಬಿದ್ದು ಎಷ್ಟೋ ಕಾಲವಾಯಿತು. ಇವತ್ತು ಯಾರಾದರೂ ಬಿಟ್ಟಿನೊಳಗಿನ ಆ ಬಳೆಯನ್ನು ಶೇ 10 ಯಾಕೆ, ಶೇ 15ರಷ್ಟು ಅದುಮಿ ಕೂರಿಸಿದರೂ ಕೇಳುವವರಿಲ್ಲ.