ಪದ ಪರಿಚಯ: ಪ್ಯಾಂಟೊಪ್ರಜೋಲ್

ಜಠರದಲ್ಲಿ ಆಮ್ಲ ಸ್ರವಿಸುವುದನ್ನು ತಗ್ಗಿಸುವ ಔಷಧಗಳಲ್ಲಿ ಇಂದು ಬಹಳ ಹೆಚ್ಚಾಗಿ ಬಳಕೆಯಲ್ಲಿರುವವುಗಳ ಪೈಕಿ ಪ್ಯಾಂಟೊಪ್ರಜೋಲ್ ಒಂದು. ಮಾಟುಂಗದಿಂದ ಡೊಂಬಿವಲಿಯವರೆಗೆ ಮುಂಬಯಿ ಕನ್ನಡಿಗರ ಮನೆಗಳಲ್ಲಿ ಇದನ್ನು ಈ ಹೆಸರಿನಿಂದ ಕರೆಯುವವರು ಕಡಿಮೆ. 'ಗ್ಯಾಸಿನ ಮಾತ್ರೆ', 'ಆಸಿಡಿಟಿ ಮಾತ್ರೆ', 'ಖಾಲಿ ಹೊಟ್ಟೆಯ ಮಾತ್ರೆ' ಎಂದರೆ ಎಲ್ಲರಿಗೂ ತಿಳಿಯುತ್ತದೆ. ಒಮೆಪ್ರಜೋಲ್, ಇಸೊಮೆಪ್ರಜೋಲ್, ರಾಬೆಪ್ರಜೋಲ್ ಮೊದಲಾದವು ಇದೇ ಕುಟುಂಬದವು. ಈ ಕುಟುಂಬಕ್ಕೆ ಪ್ರೋಟಾನ್ ಪಂಪ್ ಇನ್ಹಿಬಿಟರ್, ಚಿಕ್ಕದಾಗಿ ಪಿಪಿಐ, ಎಂದು ಹೆಸರು. ಇವುಗಳಲ್ಲಿ ಮೊದಲನೆಯದಾದ ಒಮೆಪ್ರಜೋಲ್ 1988ರಲ್ಲಿ ಸ್ವೀಡನ್ನಿನಲ್ಲಿಯೂ ಪ್ಯಾಂಟೊಪ್ರಜೋಲ್ 1994ರಲ್ಲಿ ಜರ್ಮನಿಯಲ್ಲಿಯೂ ಮಾರುಕಟ್ಟೆಗೆ ಬಂದವು.

ಜಠರದ ಒಳಪದರದಲ್ಲಿರುವ ಪರೈಟಲ್ ಕೋಶಗಳು ಹೈಡ್ರೋಕ್ಲೋರಿಕ್ ಆಮ್ಲವನ್ನು ತಯಾರಿಸುತ್ತವೆ. ಪೊಟ್ಯಾಸಿಯಂ ಅಯಾನನ್ನು ಒಳಕ್ಕೆ ಎಳೆದುಕೊಂಡು ಹೈಡ್ರೋಜನ್ ಅಯಾನನ್ನು, ಅಂದರೆ ಪ್ರೋಟಾನನ್ನು, ಹೊರಕ್ಕೆ ದಬ್ಬುವ ಒಂದು ಕಿಣ್ವ ಈ ಕೋಶಗಳಲ್ಲಿದ್ದು, ಅದೇ ಪ್ರೋಟಾನ್ ಪಂಪು. ಈನೋ, ಜೆಲುಸಿಲ್‌ನಂಥ ಆಮ್ಲಶಾಮಕಗಳು ಈಗಾಗಲೇ ಹೊರಬಂದಿರುವ ಆಮ್ಲದ ತೀಕ್ಷ್ಣತೆಯನ್ನು ಸ್ವಲ್ಪ ಹೊತ್ತು ಕುಂದಿಸಿದರೆ, ಪ್ಯಾಂಟೊಪ್ರಜೋಲ್ ಆಮ್ಲದ ತಯಾರಿಕೆಯನ್ನೇ ತಡೆಯುತ್ತದೆ. ಆದರೆ ಅದು ಹೊಟ್ಟೆಯಲ್ಲಿ ಕರಗಿ ಅಲ್ಲಿಯೇ ಕೆಲಸ ಮಾಡುತ್ತದೆಂದು ತಿಳಿಯಬಾರದು. ಆಮ್ಲ ತಗುಲಿದರೆ ಈ ಔಷಧ ಕೆಡುವುದರಿಂದ ಮಾತ್ರೆಗೆ ಜಠರದಲ್ಲಿ ಕರಗದ ಹೊದಿಕೆ ಹಾಕಿರುತ್ತಾರೆ. ಆದ್ದರಿಂದಲೇ ಅದನ್ನು ಪುಡಿ ಮಾಡಿ ಅಥವಾ ಜಗಿದು ಸೇವಿಸುವಂತಿಲ್ಲ. ಸಣ್ಣ ಕರುಳಿನಲ್ಲಿ ಹೊದಿಕೆ ಕರಗಿದ ಮೇಲೆ ಔಷಧವು ರಕ್ತಕ್ಕೆ ಸೇರಿ, ರಕ್ತದ ಮೂಲಕವೇ ಪರೈಟಲ್ ಕೋಶಗಳನ್ನು ತಲುಪಿ, ಅಲ್ಲಿ ಆಮ್ಲವನ್ನು ದಬ್ಬುತ್ತಿರುವ ಪಂಪುಗಳಿಗೆ ಮಾತ್ರ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಹಾಗೆ ಅಂಟಿದ ಪಂಪು ಕೆಲಸ ನಿಲ್ಲಿಸುತ್ತದೆ.

'ಕೆಲಸ ಮಾಡುತ್ತಿರುವ ಪಂಪುಗಳಿಗೆ ಮಾತ್ರ' ಎಂಬ ಅಂಶವನ್ನು ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಈ ಔಷಧ ಫಲ ಕೊಡುವುದೂ ಕೊಡದಿರುವುದೂ ಬಹುಮಟ್ಟಿಗೆ ಇದನ್ನೇ ಅವಲಂಬಿಸಿದೆ. ರಾತ್ರಿಯಿಡೀ ಉಪವಾಸವಿದ್ದ ಜಠರದಲ್ಲಿ ಹೆಚ್ಚಿನ ಪಂಪುಗಳು ಸುಮ್ಮನಿರುತ್ತವೆ. ಅವುಗಳನ್ನು ಎಬ್ಬಿಸುವುದು ಊಟ. ಔಷಧವಾದರೋ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುವುದಿಲ್ಲ. ಸುಮಾರು ಒಂದು ಗಂಟೆಗೊಮ್ಮೆ ಅದರ ಪ್ರಮಾಣ ಅರ್ಧಕ್ಕಿಳಿಯುತ್ತದೆ. ಹಾಗಾಗಿ ಔಷಧ ರಕ್ತದಲ್ಲಿರುವ ಹೊತ್ತಿಗೆ ಪಂಪುಗಳು ಎಚ್ಚತ್ತಿರಬೇಕು. ಬೆಳಗಿನ ತಿಂಡಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ತೆಗೆದುಕೊಳ್ಳಿ ಎಂದು ವೈದ್ಯರು ಹೇಳುವುದರ ಹಿಂದಿನ ಲೆಕ್ಕ ಇದು. ನಮ್ಮಲ್ಲಿ ಈ ಸೂಚನೆಯ ಅರ್ಧವಷ್ಟೇ ಪಾಲನೆಯಾಗುತ್ತದೆ: ಮಾತ್ರೆ ಖಾಲಿ ಹೊಟ್ಟೆಗೆ ಹೋಗುತ್ತದೆ, ತಿಂಡಿ ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ಡೊಂಬಿವಲಿಯಲ್ಲಿ ಬೆಳಗ್ಗೆ ಐದೂವರೆಗೆ ಎದ್ದು, ಖಾಲಿ ಹೊಟ್ಟೆಯಲ್ಲಿ ಮಾತ್ರೆ ನುಂಗಿ, ಲೋಕಲ್ ಹಿಡಿದು, ಫೋರ್ಟಿನ ಆಫೀಸು ತಲುಪಿದ ಮೇಲೆ ಹತ್ತು ಗಂಟೆಗೆ ವಡಾಪಾವ್ ತಿನ್ನುವವರು 'ಮಾತ್ರೆಯಿಂದ ಏನೂ ಪ್ರಯೋಜನವಾಗಲಿಲ್ಲ' ಎಂದು ಹೇಳಿದರೆ ಆಶ್ಚರ್ಯಪಡಬೇಕಾಗಿಲ್ಲ. ಪಂಪುಗಳು ಏಳುವ ಹೊತ್ತಿಗೆ ಔಷಧದ ಬಹುಪಾಲು ರಕ್ತದಿಂದ ಹೋಗಿಯಾಗಿರುತ್ತದೆ. ಅಂಥವರು ಡಬ್ಬಿಯ ತಿಂಡಿಗೆ ಅರ್ಧ ಗಂಟೆ ಮುಂಚೆ, ರೈಲಿನಲ್ಲಿಯೋ ಆಫೀಸಿನಲ್ಲಿಯೋ ಮಾತ್ರೆ ತೆಗೆದುಕೊಳ್ಳುವುದು ಒಳ್ಳೆಯದು. ಹೋಟೆಲಿನಲ್ಲಿ ರಾತ್ರಿಪಾಳಿ ಮಾಡಿ ಹಗಲು ಮಲಗುವವರಿಗೆ, ಎದ್ದ ಮೇಲಿನ ಮೊದಲ ಊಟವೇ ಬೆಳಗಿನ ತಿಂಡಿ ಎಂದು ವೈದ್ಯರು ಬಿಡಿಸಿ ಹೇಳಬೇಕು. ಔಷಧದ ಚೀಟಿಯಲ್ಲಿ ಬರೆಯುವ 1-0-0 (ಬೆಳಗ್ಗೆ ಒಂದು, ಮಧ್ಯಾಹ್ನ ಮತ್ತು ರಾತ್ರಿ ಬೇಡ) ಎಂಬ ಗುರುತು ಇಷ್ಟನ್ನೆಲ್ಲ ಹೇಳಲಾರದು.

ಒಂದು ದಿನದ ಮಾತ್ರೆಯಿಂದ ಎಲ್ಲ ಪಂಪುಗಳೂ ನಿಲ್ಲುವುದಿಲ್ಲವಾದ್ದರಿಂದ ಪೂರ್ಣ ಪರಿಣಾಮ ಕಾಣಲು ಮೂರರಿಂದ ಐದು ದಿನ ಬೇಕು. ಅಂಟಿದ ಪಂಪು ಮತ್ತೆ ಬಿಚ್ಚಿಕೊಳ್ಳುವುದು ಕಷ್ಟ, ಕೋಶವು ಹೊಸ ಪಂಪನ್ನು ತಯಾರಿಸಲು ಸಮಯ ಹಿಡಿಯುತ್ತದೆ. ಆದ್ದರಿಂದ ದಿನಕ್ಕೊಂದು ಮಾತ್ರೆ ಸಾಮಾನ್ಯವಾಗಿ ಸಾಕಾಗುತ್ತದೆ. ಎದೆ ಉರಿಯುವ ಗಳಿಗೆಯಲ್ಲಿ ನುಂಗಿ ತಕ್ಷಣ ಶಮನ ನಿರೀಕ್ಷಿಸುವುದಕ್ಕೆ ಇದು ತಕ್ಕ ಔಷಧವಲ್ಲ. ಬೆವರು, ಉಸಿರಾಟದ ಕಷ್ಟ, ತೋಳಿಗೋ ದವಡೆಗೋ ಹರಡುವ ನೋವು ಇವುಗಳ ಜೊತೆಗೆ ಎದೆ ಬಿಗಿದರಂತೂ 'ಗ್ಯಾಸ್ ಆಗಿದೆ' ಎಂದು ಮಾತ್ರೆ ನುಂಗಿ ಮಲಗಬಾರದು, ಕೂಡಲೇ ಇಸಿಜಿ ಮಾಡಿಸಬೇಕು.

ವೈದ್ಯಕೀಯದಲ್ಲಿ ಇದರ ಮುಖ್ಯ ಬಳಕೆ ಆಮ್ಲವು ಅನ್ನನಾಳಕ್ಕೆ ಮರುಕಳಿಸುವ ಕಾಯಿಲೆಯಲ್ಲಿ. ಅನ್ನನಾಳದಲ್ಲಿ ಗಾಯಗಳಾಗಿದ್ದರೆ ದಿನಕ್ಕೆ 40 ಮಿಲಿಗ್ರಾಂನಂತೆ ಸಾಮಾನ್ಯವಾಗಿ 8 ವಾರ ಕೊಡುತ್ತಾರೆ. ಸಣ್ಣ ಕರುಳಿನ ಆರಂಭದಲ್ಲಿ ಆಗುವ ಹುಣ್ಣಿಗೆ ಸುಮಾರು 4 ವಾರ, ಜಠರದ ಹುಣ್ಣಿಗೆ 8 ವಾರ ಹಿಡಿಯಬಹುದು. ಇಂಥ ಹುಣ್ಣುಗಳಿಗೆ ಖಾರ, ಚಿಂತೆಗಳೇ ಕಾರಣವೆಂಬ ನಂಬಿಕೆಯನ್ನು 1982ರಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ ಮಾಡಿದ ಸಂಶೋಧನೆ ಬದಲಿಸಿತು. ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯ ಇದಕ್ಕೆ ಪ್ರಮುಖ ಕಾರಣವೆಂದು ತೋರಿಸಿದ ಇಬ್ಬರಿಗೂ 2005ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಈ ಸೋಂಕಿದ್ದಾಗ ಪಿಪಿಐಯನ್ನು ದಿನಕ್ಕೆರಡು ಬಾರಿ, ಆಂಟಿಬಯೋಟಿಕ್‌ಗಳ ಜೊತೆಯಲ್ಲಿ, ಸಾಮಾನ್ಯವಾಗಿ 14 ದಿನ ಕೊಡಲಾಗುತ್ತದೆ. ಹುಣ್ಣು ಒಡೆದು ರಕ್ತ ಸೋರಿದಾಗ ಎಂಡೋಸ್ಕೋಪಿಯಿಂದ, ಅಂದರೆ ಬಾಯಿಯ ಮೂಲಕ ಕ್ಯಾಮರಾ ಇರುವ ಕೊಳವೆ ಇಳಿಸಿ, ಅದನ್ನು ನಿಲ್ಲಿಸಿದ ಬಳಿಕ 80 ಮಿಲಿಗ್ರಾಂ ಒಮ್ಮೆಲೇ ರಕ್ತನಾಳಕ್ಕೆ ಕೊಟ್ಟು, ನಂತರ ಗಂಟೆಗೆ 8 ಮಿಲಿಗ್ರಾಂನಂತೆ 72 ಗಂಟೆ ಹರಿಸುವ ಕ್ರಮವಿದೆ. ಆಮ್ಲದಲ್ಲಿ ರಕ್ತ ಸರಿಯಾಗಿ ಹೆಪ್ಪುಗಟ್ಟದು ಎಂಬುದೇ ಇದಕ್ಕೆ ಕಾರಣ.

ಇನ್ನೊಂದು ಬಳಕೆ ರೋಗಿಗಳಲ್ಲಿ ಹೆಚ್ಚು ಗೊಂದಲ ಹುಟ್ಟಿಸುತ್ತದೆ. ಆಂಜಿಯೋಪ್ಲಾಸ್ಟಿ ಮಾಡಿಸಿಕೊಂಡು ಮನೆಗೆ ಬಂದ ಹಿರಿಯರು 'ಡಾಕ್ಟ್ರೇ, ನನಗೆ ಎದೆಯುರಿಯೇ ಇಲ್ಲವಲ್ಲ, ಈ ಮಾತ್ರೆ ಯಾಕೆ?' ಎಂದು ಕೇಳುತ್ತಾರೆ. ಕೇಳದೆ ತಾವೇ ಬಿಟ್ಟುಬಿಡುವವರೂ ಇದ್ದಾರೆ. ಇಂಥವರಿಗೆ ಕೊಡುವ ಆಸ್ಪಿರಿನ್ ಜಠರದ ರಕ್ಷಣಾ ಪದರವನ್ನು ದುರ್ಬಲಗೊಳಿಸುತ್ತದೆ, ಜೊತೆಗಿರುವ ಕ್ಲೊಪಿಡೊಗ್ರೆಲ್ ರಕ್ತ ಹೆಪ್ಪುಗಟ್ಟುವುದನ್ನು ಮತ್ತಷ್ಟು ತಡೆಯುತ್ತದೆ. ಇಲ್ಲಿ ಪ್ಯಾಂಟೊಪ್ರಜೋಲ್ ಇರುವುದು ಉರಿಗಲ್ಲ, ಒಳಗೆ ರಕ್ತಸ್ರಾವವಾಗದಂತೆ ಕಾಯುವುದಕ್ಕೆ. ಒಮೆಪ್ರಜೋಲ್ ಯಕೃತ್ತಿನಲ್ಲಿ ಕ್ಲೊಪಿಡೊಗ್ರೆಲ್ ಸಕ್ರಿಯವಾಗುವುದಕ್ಕೆ ಅಡ್ಡಿ ಮಾಡುತ್ತದೆ. ಪ್ಯಾಂಟೊಪ್ರಜೋಲ್‌ನಿಂದ ಈ ಅಡ್ಡಿ ಕಡಿಮೆಯಾದ್ದರಿಂದ ಹೃದ್ರೋಗ ತಜ್ಞರು ಇದನ್ನು ಆರಿಸಿಕೊಳ್ಳುತ್ತಾರೆ. ಮಂಡಿನೋವಿಗೆ ದೀರ್ಘಕಾಲ ನೋವಿನ ಮಾತ್ರೆ ತೆಗೆದುಕೊಳ್ಳುವ ವಯಸ್ಸಾದವರಿಗೂ ಇದೇ ಕಾರಣಕ್ಕೆ ಇದನ್ನು ಬರೆದುಕೊಡುತ್ತಾರೆ.

ನನಗೆ ನಿಜವಾಗಿ ಕಳವಳ ತರುವುದು, ಕಾರಣವೂ ಇಲ್ಲದೆ ಅವಧಿಯೂ ಇಲ್ಲದೆ ವರ್ಷಗಟ್ಟಲೆ ನಡೆಯುವ ಸೇವನೆ. ಆಸ್ಪತ್ರೆಯಲ್ಲಿ ನಾಲ್ಕು ದಿನಕ್ಕೆಂದು ಶುರುವಾದ ಮಾತ್ರೆಯನ್ನು ಹಳೆಯ ಚೀಟಿ ತೋರಿಸಿ, ಕೆಲವೊಮ್ಮೆ ಖಾಲಿ ಸ್ಟ್ರಿಪ್ಪನ್ನೇ ತೋರಿಸಿ, ಮೆಡಿಕಲ್‌ನಿಂದ ತರುತ್ತಲೇ ಇರುವ ಮನೆಗಳು ಕಡಿಮೆಯಿಲ್ಲ. ನಿಲ್ಲಿಸಲು ಹೋದರೆ ಕೆಲವರಿಗೆ ಕೆಲವು ದಿನ ಆಮ್ಲ ಮೊದಲಿಗಿಂತ ಹೆಚ್ಚಾಗಿ ಸ್ರವಿಸಿ ಎದೆ ಉರಿಯುತ್ತದೆ. ಅದನ್ನು ಕಾಯಿಲೆ ಮರಳಿತೆಂದು ತಿಳಿದು ಮತ್ತೆ ಶುರುಮಾಡುತ್ತಾರೆ. ಈ ಉರಿ ತಾತ್ಕಾಲಿಕ. ಆ ದಿನಗಳನ್ನು ಆಮ್ಲಶಾಮಕದಿಂದ ದಾಟಬಹುದು, ಇಲ್ಲವೆ ವೈದ್ಯರ ಸಲಹೆಯಂತೆ ಡೋಸ್ ಇಳಿಸುತ್ತ ಬರಬಹುದು. ದೀರ್ಘಕಾಲದ ಸೇವನೆಯಿಂದ ಬಿ12 ಹಾಗೂ ಮೆಗ್ನೀಸಿಯಂ ಕೊರತೆ, ಕರುಳಿನ ಸೋಂಕು, ಅಪರೂಪಕ್ಕೆ ಮೂತ್ರಪಿಂಡದ ಉರಿಯೂತ ಆಗಬಹುದು. ಹಾಗೆಂದು ಹೆದರಬೇಕಾಗಿಯೂ ಇಲ್ಲ: 17,598 ಜನರಲ್ಲಿ ಪ್ಯಾಂಟೊಪ್ರಜೋಲನ್ನು ಔಷಧವಿಲ್ಲದ ಹುಸಿಮಾತ್ರೆಯೊಂದಿಗೆ ಸುಮಾರು 3 ವರ್ಷ ಹೋಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸ್ಪಷ್ಟವಾಗಿ ಹೆಚ್ಚಾಗಿ ಕಂಡದ್ದು ಕರುಳಿನ ಸೋಂಕು ಮಾತ್ರ. ಅನ್ನನಾಳಕ್ಕೆ ತೀವ್ರ ಹಾನಿಯಾದವರು, ಬ್ಯಾರೆಟ್ ಅನ್ನನಾಳವಿರುವವರು (ಆಮ್ಲ ತಗುಲಿ ಅನ್ನನಾಳದ ಒಳಪದರವೇ ಬದಲಾಗಿರುವವರು), ಮೇಲೆ ಹೇಳಿದ ಹೃದ್ರೋಗಿಗಳು ತಾವಾಗಿ ನಿಲ್ಲಿಸುವುದು ಅಪಾಯ.

ನುಂಗಲು ಕಷ್ಟವಾಗುವುದು, ತೂಕ ಇಳಿಯುವುದು, ರಕ್ತಹೀನತೆ, ಮಲ ಕಪ್ಪಾಗುವುದು ಇವು ಕಂಡಾಗ ಮಾತ್ರೆಯನ್ನು ನೆಚ್ಚಿ ಕಾಯದೆ ಎಂಡೋಸ್ಕೋಪಿ ಮಾಡಿಸಬೇಕು. ಪೈಲೊರಿ ಸೋಂಕನ್ನು ಉಸಿರಿನಿಂದಲೋ ಮಲದಿಂದಲೋ ಪತ್ತೆಹಚ್ಚುವ ಪರೀಕ್ಷೆ ಇದ್ದಾಗ, ಈ ಔಷಧ ಸೋಂಕನ್ನು ಮರೆಮಾಚುವುದರಿಂದ, ವೈದ್ಯರನ್ನು ಕೇಳಿ ಎರಡು ವಾರ ಮೊದಲೇ ಮಾತ್ರೆಯನ್ನು ನಿಲ್ಲಿಸಬೇಕಾಗುತ್ತದೆ.