ನಾಲ್ಕು ಜನ ನೋಡುತ್ತಾರೆ ಎಂದಾಗ: ವಿಮರ್ಶಾ ತಾಣಗಳ ಬಗ್ಗೆ ಒಂದು ಟಿಪ್ಪಣಿ

ನಮ್ಮ ಬಡಾವಣೆಯ ದರ್ಶಿನಿಯೊಂದರ ಬಗ್ಗೆ ಮೊನ್ನೆ ಗೂಗಲ್ ಮ್ಯಾಪ್ಸ್‌ನಲ್ಲಿ ಬರೆಯಲು ಕುಳಿತೆ. ಇಡ್ಲಿ ಮೃದು, ಚಟ್ನಿ ನೀರು, ಬೆಳಗ್ಗೆ ಎಂಟಾದರೆ ನಿಲ್ಲಲೂ ಜಾಗವಿಲ್ಲ. ಹೇಳಬೇಕಾದದ್ದು ಅಷ್ಟೇ. ಆದರೆ ಅಲ್ಲಿನ ‘ಲೋಕಲ್ ಗೈಡ್ಸ್’ ಲೆಕ್ಕದಲ್ಲಿ ಒಂದು ವಿಮರ್ಶೆಗೆ 10 ಅಂಕ, ಅದು 200 ಅಕ್ಷರ ದಾಟಿದರೆ ಮತ್ತೆ 10. ಕೈ ತಾನಾಗಿಯೇ ಕಾಫಿಯ ಬಗ್ಗೆ ಎರಡು ಸಾಲು ಸೇರಿಸಿತು. ಆ ದಿನ ನಾನು ಕಾಫಿ ಕುಡಿದಿರಲೇ ಇಲ್ಲ.

ಅಂಕ, ಬಿರುದು, ಹಿಂಬಾಲಕರು, ‘ಉಪಯುಕ್ತ’ ಎಂಬ ಮತ, ಇವೆಲ್ಲ ಸೇರಿ ಸಾಮಾಜಿಕ ಸೌಲಭ್ಯಗಳು, ಅಂದರೆ ಬರೆಯುವವನನ್ನು ಇತರರು ಗಮನಿಸುವಂತೆ ತಾಣ ಮಾಡಿಟ್ಟ ವ್ಯವಸ್ಥೆಗಳು. ವಿಮರ್ಶೆ ಬರೆಯುವವರ ನಡವಳಿಕೆಯನ್ನು ಇವು ಹೇಗೆ ಬದಲಿಸುತ್ತವೆ ಎಂದು ಪರೀಕ್ಷೆಯಲ್ಲಿ ಕೇಳಿದರೆ? ಇವುಗಳಿಂದ ಜನ ಹೆಚ್ಚು ಬರೆಯುತ್ತಾರೆ ಎಂದು ಒಂದು ಸಾಲಿನ ಉತ್ತರ ಬರೆದು ಮುಂದೆ ಹೋಗಬೇಡಿ, ಅದು ಅರ್ಧ ಉತ್ತರ. ಯಾರೋ ನೋಡುತ್ತಿದ್ದಾರೆ ಎಂಬ ಅರಿವು ಬರಹದ ಪ್ರಮಾಣವನ್ನು ಬದಲಿಸುವಂತೆ ಅದರ ಬಣ್ಣವನ್ನೂ ಬದಲಿಸುತ್ತದೆ. ಕಾಫಿಯ ಸಾಲೇ ಸಾಕ್ಷಿ.

ಮೊದಲು ಮೂಲ ತೊಡಕು. ವಿಮರ್ಶೆ ಓದುವವನಿಗೆ ಲಾಭ, ಬರೆಯುವವನಿಗೆ ಶ್ರಮ. ನಾನು ಬರೆಯದಿದ್ದರೆ ಇನ್ನೊಬ್ಬರು ಬರೆಯುತ್ತಾರೆ ಎಂದುಕೊಂಡು ಎಲ್ಲರೂ ಸುಮ್ಮನಿರುತ್ತಾರೆ. ಹತ್ತು ಜನ ಸೇರಿದಲ್ಲಿ ಹಾವು ಸಾಯದು ಎನ್ನುತ್ತಾರಲ್ಲ, ಹಾಗೆ. ಮನಶ್ಶಾಸ್ತ್ರದಲ್ಲಿ ಇದಕ್ಕೆ ‘ಸಾಮಾಜಿಕ ಆಲಸ್ಯ’ ಎನ್ನಬಹುದು.

ಈ ಆಲಸ್ಯವನ್ನು ಮುರಿಯುವುದು ಹೇಗೆಂದು ಚೆನ್ನಾಗಿ ಪರೀಕ್ಷಿಸಿದ ಜಾಗ ಮೂವಿಲೆನ್ಸ್. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು 1997ರಿಂದ ನಡೆಸುತ್ತಿರುವ, ಸಿನಿಮಾಗಳಿಗೆ ಅಂಕ ಕೊಡುವ ತಾಣ ಅದು. 2004ರಲ್ಲಿ ಪ್ರಕಟವಾದ ಅಧ್ಯಯನವೊಂದಕ್ಕಾಗಿ ಸದಸ್ಯರಿಗೆ ಇಮೇಲ್ ಕಳುಹಿಸಲಾಯಿತು. ‘ನಿಮ್ಮ ಅಭಿರುಚಿ ಇತರರಂತಲ್ಲ, ನೀವು ಕೊಡುವ ಅಂಕ ಬೇರೆ ಯಾರಿಂದಲೂ ಸಿಗದು’ ಎಂಬರ್ಥದ ಮಾತು ಕೇಳಿದವರು ಹೆಚ್ಚು ಸಿನಿಮಾಗಳಿಗೆ ಅಂಕ ಕೊಟ್ಟರು. ಗುಂಪಿನಲ್ಲಿ ತಾನು ಕಳೆದುಹೋಗಿಲ್ಲ ಎಂಬ ಭರವಸೆಗೆ ಅಷ್ಟು ಬಲವಿದೆ.

ಅದೇ ತಾಣದ ಎರಡನೆಯ ಪ್ರಯೋಗ ನನಗೆ ಇನ್ನೂ ಇಷ್ಟ. 2010ರಲ್ಲಿ ಪ್ರಕಟವಾದ ಅದರಲ್ಲಿ ಕೆಲವು ಸದಸ್ಯರಿಗೆ ಮಧ್ಯಾಂಕವನ್ನು ತಿಳಿಸಿದರು. ಯಾರು ಎಷ್ಟು ಸಿನಿಮಾಗಳಿಗೆ ಅಂಕ ಕೊಟ್ಟಿದ್ದಾರೆ ಎಂಬ ಲೆಕ್ಕದ ಪ್ರಕಾರ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಲ್ಲುವವನ ಸಂಖ್ಯೆಯೇ ಮಧ್ಯಾಂಕ, ಸರಾಸರಿಯಲ್ಲ. ಅದಕ್ಕಿಂತ ಹಿಂದಿದ್ದವರು ತಿಂಗಳಿಗೆ ಅಂಕ ಕೊಡುವ ಪ್ರಮಾಣ 530 ಶೇಕಡಾ ಏರಿತು. ಈ ಅರ್ಧವನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಇನ್ನರ್ಧ ಇಲ್ಲಿದೆ: ಮಧ್ಯಾಂಕಕ್ಕಿಂತ ಮುಂದಿದ್ದವರ ಪ್ರಮಾಣ 62 ಶೇಕಡಾ ಇಳಿಯಿತು! ಎಲ್ಲರೂ ಇಷ್ಟೇ ಮಾಡುತ್ತಿರುವಾಗ ನನಗೇಕೆ ಇಷ್ಟು ಉಸಾಬರಿ ಎಂದುಕೊಂಡರೇನೋ. ಹೋಲಿಕೆ ಹಿಂದಿನವರನ್ನು ಎಳೆಯುವಾಗಲೇ ಮುಂದಿನವರನ್ನೂ ನಡುವಿಗೆ ಎಳೆಯುತ್ತದೆ.

ಇನ್ನು ಬರಹದ ಬಣ್ಣ. 1999ರಲ್ಲಿ ಹುಟ್ಟಿದ, ಸರಕುಗಳ ವಿಮರ್ಶೆಗೆಂದೇ ಇದ್ದ ಎಪಿನಿಯನ್ಸ್ ತಾಣದಲ್ಲಿ ಓದುಗರು ತಮಗೆ ನಂಬಿಕೆಯಿರುವ ವಿಮರ್ಶಕರನ್ನು ಗುರುತು ಹಾಕಿಕೊಳ್ಳಬಹುದಿತ್ತು. ಆ ತಾಣದ ದತ್ತಾಂಶವನ್ನು ಜಾಲಾಡಿದ ಸಂಶೋಧಕರಿಗೆ ಕಂಡದ್ದು ಇದು: ಹಾಗೆ ನಂಬುವವರು ಹೆಚ್ಚಾದಂತೆ ವಿಮರ್ಶಕ ಹೆಚ್ಚು ಬರೆಯುತ್ತಾನೆ, ಧಾಟಿ ವಸ್ತುನಿಷ್ಠವಾಗುತ್ತದೆ, ಕೊಡುವ ಅಂಕ ಮಾತ್ರ ಬಿಗಿಯಾಗುತ್ತದೆ. ಸಭೆ ಸೇರಿದ ಮೇಲೆ ಮೇಷ್ಟರ ಮುಖ ಗಂಭೀರವಾಗುವುದಿಲ್ಲವೇ?

ಹೋಟೆಲು, ಅಂಗಡಿಗಳ ವಿಮರ್ಶೆಯ ತಾಣವಾದ ಯೆಲ್ಪ್ ಇದಕ್ಕೆ ತದ್ವಿರುದ್ಧ. 2004ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶುರುವಾದಾಗ ಅದು ಗೆಳೆಯರಿಗೆ ಇಮೇಲ್ ಕಳುಹಿಸಿ ಸಲಹೆ ಕೇಳುವ ಸೇವೆಯಾಗಿತ್ತು. ಅದು ಅಷ್ಟಾಗಿ ನಡೆಯಲಿಲ್ಲ. ಯಾರೂ ಕೇಳದೆಯೇ ವಿಮರ್ಶೆ ಬರೆಯುವುದು ಜನರಿಗೆ ಹಿಡಿಸಿತು, ತಾಣ ಆ ದಿಕ್ಕಿಗೇ ಹೊರಳಿತು. ಪ್ರತಿ ವಿಮರ್ಶೆಯ ಕೆಳಗೆ ಬಹುಕಾಲ ಮೂರು ಗುಂಡಿಗಳಿದ್ದವು: ಉಪಯುಕ್ತ, ತಮಾಷೆ, ಸೊಗಸು. ‘ತಮಾಷೆ’ ಎಂಬ ಗುಂಡಿ ಇಟ್ಟ ಮೇಲೆ ಬಡಿಸುವವನ ಮೇಲೆ ಜೋಕು ಕಟ್ಟುವವರು ಹುಟ್ಟದಿರುತ್ತಾರೆಯೇ? ಇದು ನನ್ನ ಊಹೆ, ಅಧ್ಯಯನದ ಮಾತಲ್ಲ. ಉತ್ಸಾಹಿಗಳಿಗೆ ‘ಎಲೀಟ್’ ಬಿರುದು, ಅವರಿಗೆಂದೇ ಔತಣಕೂಟ ಬೇರೆ.

ಕೊನೆಯದಾಗಿ, ಪರೀಕ್ಷೆಯಲ್ಲಿ ಬಹಳ ಜನ ಬಿಟ್ಟುಬಿಡುವ ಅಂಶ: ಯಾರು ನೋಡುತ್ತಾರೆ ಎಂಬುದರಷ್ಟೇ ಯಾವಾಗ ನೋಡುತ್ತಾರೆ ಎಂಬುದೂ ಮುಖ್ಯ. ಆನ್‌ಲೈನ್ ಮಾರುಕಟ್ಟೆಯಾದ ಇಬೇಯಲ್ಲಿ ಮಾರುವವರು, ಕೊಳ್ಳುವವರು ಪರಸ್ಪರ ಅಭಿಪ್ರಾಯ ಬರೆಯುತ್ತಿದ್ದರು. ನೀನು ನನ್ನನ್ನು ತೆಗಳಿದರೆ ನಾನೂ ನಿನ್ನನ್ನು ತೆಗಳುತ್ತೇನೆ ಎಂಬ ಭಯದಿಂದ ಕೊಳ್ಳುವವರು ದೂರನ್ನು ನುಂಗಿಕೊಳ್ಳುತ್ತಿದ್ದರು. 2008ರಲ್ಲಿ ಇಬೇ, ಮಾರುವವರು ಕೊಳ್ಳುವವರ ಬಗ್ಗೆ ಕೆಟ್ಟ ಅಭಿಪ್ರಾಯ ದಾಖಲಿಸುವ ಅವಕಾಶವನ್ನೇ ತೆಗೆದುಹಾಕಿತು. ಪ್ರವಾಸಿಗರಿಗೆ ಜನರ ಮನೆಗಳನ್ನು ಬಾಡಿಗೆಗೆ ಕೊಡಿಸುವ ತಾಣವಾದ ಏರ್‌ಬಿಎನ್‌ಬಿ 2014ರಲ್ಲಿ ಬೇರೆ ದಾರಿ ಹಿಡಿಯಿತು. ಅತಿಥಿ ಬರೆದದ್ದು ಮನೆಯವರಿಗೆ, ಮನೆಯವರು ಬರೆದದ್ದು ಅತಿಥಿಗೆ ತಕ್ಷಣ ಕಾಣುವುದಿಲ್ಲ. ಇಬ್ಬರೂ ಬರೆದ ಮೇಲೆ, ಇಲ್ಲವೇ 14 ದಿನ ಕಳೆದ ಮೇಲೆ, ಎರಡೂ ಲಕೋಟೆ ಒಟ್ಟಿಗೆ ತೆರೆಯುತ್ತವೆ.

ಅಂದ ಹಾಗೆ, ಕಾಫಿಯ ಸಾಲುಗಳನ್ನು ಅಳಿಸಿದೆ. ಹತ್ತು ಅಂಕ ಹೋಯಿತು.